ನೆಲವೇ ಡೊಂಕಾಗಿದ್ದಾಗ

“ಕುಣಿಯಲಾರದವಳು ನೆಲ ಡೊಂಕು ಅಂದಳಂತೆ.”

ಈ ಗಾದೆಯನ್ನು ಇಪ್ಪತ್ತೆಂಟು ವರ್ಷಗಳಿಂದ ಹೈಸ್ಕೂಲು ಮಕ್ಕಳಿಗೆ ವಿಸ್ತರಿಸಿ ಬರೆಯಲು ಕೊಡುತ್ತ ಬಂದಿದ್ದೇನೆ. “ತಮ್ಮ ದೋಷವನ್ನು ಮುಚ್ಚಿಕೊಳ್ಳಲು ಪರರನ್ನು ದೂರುವವರ ಕುರಿತು ಹಿರಿಯರು ಹೇಳಿದ ಮಾತಿದು” ಎಂದು ಬರೆದವರಿಗೆಲ್ಲ ಪೂರ್ಣ ಅಂಕ ಕೊಟ್ಟಿದ್ದೇನೆ. ಇಷ್ಟು ವರ್ಷಗಳಲ್ಲಿ ಒಂದೇ ಒಂದು ಮಗುವಾದರೂ ಎದ್ದು ನಿಂತು, “ಅಕ್ಕೋರ, ನೆಲ ಖರೇನ ಡೊಂಕಿತ್ತೋ ಏನೋ, ಯಾರರ ನೋಡಿದ್ರೇನ್ರಿ?” ಎಂದು ಕೇಳಲಿಲ್ಲ. ಕೇಳದಿದ್ದುದರಲ್ಲಿ ಮಕ್ಕಳ ತಪ್ಪೇನಿದೆ? ನನಗೂ ಹೊಳೆದಿರಲಿಲ್ಲ. ಅದು ಹೊಳೆಯಲು ನನಗೆ ಐವತ್ತೆರಡು ವಯಸ್ಸಾಗಬೇಕಾಯಿತು, ಕಾರಿಗೆ ನಾಲ್ಕು ಹೊಸ ಚಕ್ರ ಬರಬೇಕಾಯಿತು.

ಕಾರು ಎಂದ ಕೂಡಲೇ ಪುಟ ಮಗುಚಬೇಡಿ. ಇದು ಕಾರಿನ ಕತೆಯೂ ಹೌದು, ನಮ್ಮ ನಿಮ್ಮ ಮನೆಯ ಕತೆಯೂ ಹೌದು.

ನಾನು ಕಾರು ಕಲಿತದ್ದು 2017ರಲ್ಲಿ, ನಲವತ್ತಾರನೆಯ ವಯಸ್ಸಿನಲ್ಲಿ. ನಮ್ಮದು ರಾಣೆಬೆನ್ನೂರು. ನನ್ನ ಶಾಲೆ ಇರುವುದು ಹದಿನಾರು ಕಿಲೋಮೀಟರ್ ಆಚೆಯ ಹಳ್ಳಿಯಲ್ಲಿ. ತವರು ಹಾವೇರಿ, ಅಲ್ಲಿ ಅವ್ವ ಇದ್ದಾಳೆ. ಅದುವರೆಗೆ ಬಸ್ಸಿನ ಸಮಯಕ್ಕೆ ನನ್ನ ಬದುಕು ನಡೆಯುತ್ತಿತ್ತು. ಕಾರು ಕಲಿತ ಮೇಲೆ ನನ್ನ ಸಮಯಕ್ಕೆ ನಾನು ನಡೆಯತೊಡಗಿದೆ. ಪ್ರತಿ ಭಾನುವಾರ ಬೆಳಿಗ್ಗೆ ರೊಟ್ಟಿ ಬುತ್ತಿ ಕಟ್ಟಿಕೊಂಡು, ಹೆದ್ದಾರಿ ಹಿಡಿದು ಹೋಗಿ ಅವ್ವನಿಗೆ ತಲೆ ಎರೆದು ಬರುತ್ತಿದ್ದೆ. ಯಾರನ್ನೂ “ಸ್ವಲ್ಪ ಕರ್ಕೊಂಡ್ ಹೋಗ್ತೀರೇನು?” ಎಂದು ಕೇಳಬೇಕಾಗಿರಲಿಲ್ಲ. ಈ ಸುಖ ಏನೆಂಬುದು ಕೇಳಿ ಕೇಳಿ ಸಾಕಾದವರಿಗಷ್ಟೇ ಗೊತ್ತು.

2023ರ ದೀಪಾವಳಿಗೆ ಬೆಂಗಳೂರಿನಿಂದ ಬಂದ ಮಗ, “ಅವ್ವಾ, ನಿನ್ನ ಗಾಡಿ ಭಾಳ ಬಡವರ ಗಾಡಿ ಹಂಗ ಕಾಣಸ್ತದ” ಎಂದು ಅದನ್ನು ಹೊರಗೆ ಒಯ್ದ. ಕಬ್ಬಿಣದ ಹಳೆಯ ಚಕ್ರ ಬಿಚ್ಚಿಸಿ, ಫಳಫಳ ಹೊಳೆಯುವ ಅಲಾಯ್ ವೀಲು, ಹೊಸ ಟಯರು ಹಾಕಿಸಿಕೊಂಡು ಬಂದ. ಹಳೆಯ ಚಕ್ರಗಳನ್ನು ಟಯರಿನ ಸಮೇತ ಅಂಗಡಿಯವನು ಕಡಿಮೆ ಬೆಲೆಗೆ ಕೇಳಿದನಂತೆ. ಹಳೆಯ ಡಬ್ಬಿಯನ್ನೂ ಎಸೆಯದ ನನ್ನ ಸ್ವಭಾವ ಗೊತ್ತಿದ್ದ ಮಗ ಅವನ್ನು ಡಿಕ್ಕಿಯಲ್ಲೂ ಹಿಂದಿನ ಸೀಟಿನಲ್ಲೂ ತುಂಬಿ ತಂದಿದ್ದ. ಹಿತ್ತಲ ಕೋಣೆಯಲ್ಲಿ ಒಂದರ ಮೇಲೊಂದು ಇಟ್ಟೆವು. ಮುಂದೆ ನನ್ನ ಮಾನ ಉಳಿಸಿದ್ದು ಅವೇ.

ಮುಂದಿನ ಭಾನುವಾರ ಹೆದ್ದಾರಿ ಹತ್ತಿದೆ. 60ರವರೆಗೆ ಏನೂ ಇಲ್ಲ. ಮುಳ್ಳು 75 ದಾಟುತ್ತಿದ್ದಂತೆ ಸ್ಟೀರಿಂಗು ನನ್ನ ಕೈಯಲ್ಲಿ ಜುಮುಜುಮು ಎನ್ನತೊಡಗಿತು. 80ಕ್ಕೆ ಎಡಕ್ಕೂ ಬಲಕ್ಕೂ ಗದಗದ ನಡುಗಿತು. ಹೆದರಿ ವೇಗ ಇಳಿಸಿದೆ. 60ಕ್ಕೆ ಇಳಿದ ಕೂಡಲೇ ಸುಮ್ಮನಾಯಿತು. ಮತ್ತೆ ಏರಿಸಿದೆ, ಮತ್ತೆ ನಡುಕ. ಅವ್ವನ ಮನೆ ಮುಟ್ಟುವ ಹೊತ್ತಿಗೆ ಅಂಗೈ ಬೆವೆತಿತ್ತು.

ಸಂಜೆ ಮನೆಯವರಿಗೆ ಹೇಳಿದೆ. ಅವರು ಪತ್ರಿಕೆಯಿಂದ ತಲೆ ಎತ್ತದೆ, “ನಿನ್ನ ಕೈಯ ನಡುಗತಾವೇನೋ ನೋಡು. ನಿಮ್ಮವ್ವಗೂ ಹಿಂಗ ಸುರುವಾಗಿತ್ತು” ಅಂದರು.

ಅವರೇನು ಕೆಟ್ಟ ಮನಸ್ಸಿನಿಂದ ಹೇಳಲಿಲ್ಲ. ಆದರೆ ಆ ಮಾತು ನನ್ನ ಎದೆಯಲ್ಲಿ ಕೂತುಬಿಟ್ಟಿತು. ಅವ್ವನಿಗೆ ಕಂಪವಾತ. ಚಹಾದ ಬಸಿ ಅವಳ ಕೈಯಲ್ಲಿ ಗಲಗಲ ಎನ್ನುವುದನ್ನು ಹತ್ತು ವರ್ಷದಿಂದ ನೋಡುತ್ತಿದ್ದೇನೆ. ಅಂದು ರಾತ್ರಿ ಎಲ್ಲರೂ ಮಲಗಿದ ಮೇಲೆ ಅಡುಗೆಮನೆಯ ದೀಪ ಹಾಕಿ ಎರಡೂ ಕೈ ಚಾಚಿ ನೋಡಿಕೊಂಡೆ. ನೋಡಿದಷ್ಟೂ ನಡುಗಿದಂತೆಯೇ ಕಂಡವು!

ಗಾಡಿಯನ್ನು ಚಕ್ರ ಹಾಕಿದ ಅಂಗಡಿಗೆ ಒಯ್ದೆ. ಹುಡುಗನೊಬ್ಬ ಸರ್ಕಲ್ಲು ಸುತ್ತಿ ಬಂದು, “ಮೇಡಮ್ಮಾರ, ಗಾಡಿ ಬೆಣ್ಣಿ ಹಂಗ ಐತ್ರಿ. ನೀವು ಸ್ಟೀರಿಂಗ್ ಭಾಳ ಬಿಗಿ ಹಿಡಿತೀರಿ ಅನಸ್ತೈತಿ” ಎಂದ. ಪೇಟೆಯ ಸರ್ಕಲ್ಲಿನಲ್ಲಿ ಮೂವತ್ತರ ವೇಗದಲ್ಲಿ ಸುತ್ತಿದರೆ ಎಂಬತ್ತಕ್ಕೆ ಬರುವ ನಡುಕ ಎಲ್ಲಿಂದ ಬಂದೀತು? ಹೇಳಿ ನೋಡಿದೆ. ಅಂಗಡಿಯ ಮಾಲೀಕ, “ಸರ್‌ನ್ನ ಕಳಸ್ರಿ, ಅವರಿಗೆ ಹೇಳ್ತೀನಿ” ಅಂದ. ನಮ್ಮ ಸರ್‌ಗೆ ಕಾರು ಓಡಿಸಲು ಬರುವುದಿಲ್ಲ ಎಂಬುದನ್ನು ಅವನಿಗೆ ಹೇಗೆ ತಿಳಿಸುವುದು? ಕೊನೆಗೆ “ಅಲೈನ್‌ಮೆಂಟ್ ಹೋಗೇತಿ” ಎಂದು ಮಾಡಿಕೊಟ್ಟ. ದುಡ್ಡು ಕೊಟ್ಟೆ. ನಡುಕ ಹೋಗಲಿಲ್ಲ.

ಎರಡನೆಯ ಸಲ ಬ್ಯಾಲೆನ್ಸಿಂಗ್ ಮಾಡಿಸಿದೆ. ಯಂತ್ರದ ಮೇಲೆ ಚಕ್ರ ಗಿರಗಿರನೆ ತಿರುಗಿತು, ಪರದೆಯ ಮೇಲೆ ಸೊನ್ನೆ ಬಂತು. “ನೋಡ್ರಿ, ಝೀರೋ” ಎಂದರು. ನಡುಕ ಹೋಗಲಿಲ್ಲ. ಮೂರನೆಯವನು ಗಾಡಿಯ ಕೆಳಗೆ ಇಣುಕಿ, “ಲೋವರ್ ಆರ್ಮ್, ಶಾಕಪ್, ಎಲ್ಲಾ ಬದಲಿ ಮಾಡಬೇಕ್ರಿ” ಎಂದು 14 ಸಾವಿರ ರೂಪಾಯಿಯ ಲೆಕ್ಕ ಬರೆದುಕೊಟ್ಟ. ಅಷ್ಟರೊಳಗೆ ಮನೆಯಲ್ಲಿ ನಿರ್ಧಾರವಾಗಿತ್ತು: “ಸಾಕು ಬಿಡು, ಇನ್ನ ವಯಸ್ಸಾತು. ಬಸ್ಸಿಗೆ ಹೋಗು. ಹಾವೇರಿಗೆ ಬೇಕಾದ್ರ ಡ್ರೈವರ್ ಕರಸೋಣ.”

ಗೆಳತಿಯರೇ, ಒಂದು ತಿಂಗಳು ನಾನು ಬಸ್ಸಿಗೆ ಹೋದೆ. ಎರಡು ಭಾನುವಾರ ಅವ್ವನ ಕಡೆ ಹೋಗಲೇ ಇಲ್ಲ. ನನ್ನ ಕೈಯ ಮೇಲೆ ನನಗೇ ನಂಬಿಕೆ ಹೋಗಿತ್ತು. ಹಲಗೆಯ ಮೇಲೆ ಬರೆಯುವಾಗ ಅಕ್ಷರ ಸೊಟ್ಟಗಾಯಿತೇ ಎಂದು ಹಿಂದೆ ಸರಿದು ನೋಡುತ್ತಿದ್ದೆ.

ಕೊನೆಗೆ ವೈದ್ಯರ ಬಳಿ ಹೋದೆ. ಅವರು ಎರಡೂ ಕೈ ಮುಂದೆ ಚಾಚಿಸಿ, ಮೇಲೆ ಒಂದು ಕಾಗದ ಇಟ್ಟು ನೋಡಿದರು. ಥೈರಾಯಿಡ್ ರಕ್ತಪರೀಕ್ಷೆ ಮಾಡಿಸಿದರು. ಎಲ್ಲ ಸರಿ ಇತ್ತು. “ಯಾವಾಗ ನಡುಗತಾವ್ರಿ?” ಎಂದು ಕೇಳಿದರು. ಇಷ್ಟು ದಿನದಲ್ಲಿ “ಯಾವಾಗ” ಎಂದು ಕೇಳಿದ ಮೊದಲ ಮನುಷ್ಯ ಅವರೇ! ವಿವರಿಸಿದೆ. ಅವರು ನಕ್ಕು, “ಎಂಬತ್ತಕ್ಕ ಸುರುವಾಗಿ ಅರವತ್ತಕ್ಕ ನಿಲ್ಲೋ ಕೈನಡುಕ ನನ್ನ ಪುಸ್ತಕದಾಗ ಇಲ್ರಿ ಅಕ್ಕೋರ. ಗಾಡಿ ತೋರಸ್ರಿ” ಅಂದರು.

ಹೊರಗೆ ಬಂದು ಮೆಟ್ಟಿಲ ಮೇಲೆ ಸ್ವಲ್ಪ ಹೊತ್ತು ಕೂತೆ. ಮೊದಲು ಅಳು ಬಂತು, ಆಮೇಲೆ ಸಿಟ್ಟು ಬಂತು. ಈ ಲೇಖನ ಬರೆಸುತ್ತಿರುವುದು ಆ ಸಿಟ್ಟೇ.

ನಾನು ಬಿ.ಎ., ಬಿ.ಎಡ್.; ಕನ್ನಡ ಹೇಳುವವಳು. ಯಂತ್ರದ ಗಂಧ ಇಲ್ಲ. ಆದರೆ ಅಡುಗೆಮನೆಯಲ್ಲಿ ಮೂವತ್ತು ವರ್ಷ ಕಳೆದ ಯಾವ ಹೆಂಗಸಿಗೂ ಒಂದು ವಿದ್ಯೆ ಗೊತ್ತಿರುತ್ತದೆ. ಸಾರು ಕೆಟ್ಟರೆ ಮನೆಯ ಪಾತ್ರೆಯನ್ನೆಲ್ಲ ಬದಲಿಸುವುದಿಲ್ಲ. ನಿನ್ನೆ ಸರಿ ಇತ್ತು, ಇಂದು ಕೆಟ್ಟಿದೆ. ನಡುವೆ ಹೊಸದಾಗಿ ಬಂದದ್ದು ಯಾವುದು? ಹೊಸ ಖಾರದ ಪುಡಿಯೋ, ಹೊಸ ಉಪ್ಪೋ ಎಂದು ನೋಡುತ್ತೇವೆ. ನನ್ನ ಕಾರಿಗೆ ಹೊಸದಾಗಿ ಬಂದದ್ದು ಚಕ್ರ. ಶಾಕಪ್ಪೂ ಹಳೆಯದು, ನನ್ನ ಕೈಯೂ ಹಳೆಯದು!

ನಮ್ಮ ಓಣಿಯ ಕೊನೆಗೆ ಪಂಕ್ಚರ್ ಅಂಗಡಿಯ ಭಾಯಿ ಇದ್ದಾರೆ. “ಭಾಯಿ, ಹೊಸಾ ಚಕ್ರ ತಗದು ಹಳೇ ಚಕ್ರ ಹಾಕ್ರಿ. ಕಾರಣ ಆಮ್ಯಾಲೆ ಹೇಳ್ತೀನಿ” ಎಂದೆ. ಹಾಕಿದರು. ಹೆದ್ದಾರಿಗೆ ಹೋದೆ. 75, 80, 85. ಸ್ಟೀರಿಂಗು ಮಲಗಿದ ಮಗುವಿನಂತೆ ಸುಮ್ಮನಿತ್ತು. ನಡುಗಿದ್ದು ನನ್ನ ಕೈಯಲ್ಲ! ಗಾಡಿಯೊಳಗೆ ಒಬ್ಬಳೇ ಕೂತು ಜೋರಾಗಿ ಹೇಳಿಕೊಂಡೆ.

ಮರುದಿನ ಹೊಸ ಚಕ್ರಗಳಲ್ಲಿ ಎರಡನ್ನು ಹಿಂದೆ ಹಾಕಿಸಿದೆ, ಹಳೆಯವು ಮುಂದೆ. ಆಗ ಸ್ಟೀರಿಂಗು ಶಾಂತ. ಆದರೆ ಕೂತ ಸೀಟು ಸಣ್ಣಗೆ ಅದುರಿತು. ಮುಂದಿನ ಚಕ್ರದ ದೋಷ ಕೈಗೆ ತಿಳಿಯುತ್ತದೆ, ಹಿಂದಿನದು ಸೀಟಿಗೆ ತಿಳಿಯುತ್ತದೆ ಎಂಬುದು ಹೀಗೆ ಗೊತ್ತಾಯಿತು. ಉಳಿದೆರಡನ್ನು ಹಾಕಿ ನೋಡಿದರೂ ಅದೇ. ಒಂದು ಚಕ್ರ ಮಾತ್ರ ಡೊಂಕಾಗಿದ್ದರೆ ಒಂದರಲ್ಲಿ ಮಾತ್ರ ನಡುಕ ಇರಬೇಕಿತ್ತು. ನಾಲ್ಕಕ್ಕೂ ಏನೋ ಒಂದು ಸಮಾನ ದೋಷ ಇರಬೇಕು.

ನಮ್ಮ ಶಾಲೆಯ ವಿಜ್ಞಾನದ ಟೀಚರು ಪ್ರಯೋಗಾಲಯದ ವರ್ನಿಯರ್ ಕ್ಯಾಲಿಪರ್ಸ್ ತಂದರು. ಭಾಯಿ ಚಕ್ರ ಬಿಚ್ಚಿದರು. ಚಕ್ರದ ಹಿಂದೆ ಗಾಡಿಯ ಕಡೆಯಿಂದ ಹೊರಗೆ ಚಾಚಿದ ಒಂದು ದುಂಡನೆಯ ಮೂತಿ ಇರುತ್ತದೆ. ಅದಕ್ಕೆ ಹಬ್ ಎನ್ನುತ್ತಾರೆ. ಅಳೆದೆವು: 54 ಮಿಲಿಮೀಟರ್. ಹಳೆಯ ಚಕ್ರದ ನಡುರಂಧ್ರ ಅದರ ಮೇಲೆ ಟೋಪಿಯಂತೆ ಸರಿಯಾಗಿ ಕೂರುತ್ತಿತ್ತು. ಹೊಸ ಚಕ್ರದ ನಡುರಂಧ್ರ 67 ಮಿಲಿಮೀಟರ್! ಸುತ್ತಲೂ ಆರೂವರೆ ಮಿಲಿಮೀಟರ್ ಖಾಲಿ. ಕಿರುಬೆರಳ ತುದಿ ತೂರಿಸುವಷ್ಟು ಸಂದು.

ಬೀಸುವ ಕಲ್ಲು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕೆಳಗಿನ ಕಲ್ಲಿನ ನಡುಗೂಟ ಸವೆದು ಮೇಲಿನ ಕಲ್ಲಿನ ತೂತು ದೊಡ್ಡದಾದರೆ ಕಲ್ಲು ವಾಲಾಡುತ್ತದೆ, ಹಿಟ್ಟು ತರಿ ಬರುತ್ತದೆ. ನನ್ನ ಚಕ್ರಕ್ಕೆ ಆದದ್ದೂ ಅದೇ. ಹೊರಗಿನ ಅಂಗಡಿಗೆ ಬರುವ ಚಕ್ರಗಳನ್ನು ಹತ್ತಾರು ಬಗೆಯ ಕಾರುಗಳಿಗೆ ಕೂರಲಿ ಎಂದು ನಡುರಂಧ್ರ ದೊಡ್ಡದಾಗಿಟ್ಟೇ ಮಾಡುತ್ತಾರೆ. ಆ ಸಂದು ತುಂಬಲು ಒಂದು ಉಂಗುರ ಹಾಕಬೇಕು. ನನ್ನ ಗಾಡಿಗೆ ಹಾಕಿರಲಿಲ್ಲ. ಚಕ್ರ ನಡುವಿನ ಆಧಾರವಿಲ್ಲದೆ ಬರೀ ನಾಲ್ಕು ನಟ್ಟಿನ ಮೇಲೆ ನಿಂತಿತ್ತು. ಗಾಳಿಯ ಗನ್ನಿನಿಂದ ಒಂದು ನಟ್ಟನ್ನು ಮೊದಲೇ ಪೂರ್ತಿ ಬಿಗಿದರೆ ಚಕ್ರ ಆ ಕಡೆ ಸರಿದು ಕೂರುತ್ತದೆ.

ಹಾಗಾದರೆ ಯಂತ್ರದ ಮೇಲೆ ಸೊನ್ನೆ ಬಂದದ್ದು ಹೇಗೆ? ಯಂತ್ರ ಚಕ್ರವನ್ನು ಹಿಡಿಯುವುದು ಅದೇ ನಡುರಂಧ್ರದಿಂದ. ಅಲ್ಲಿ ಚಕ್ರ ಸರಿಯಾಗಿ ನಡುವಿಗೇ ಕೂತಿತ್ತು, ತೂಕವೂ ಸಮನಾಗಿತ್ತು. ಗಾಡಿಯ ಮೇಲೆ ಅದು ನಡುವಿಗೆ ಕೂತಿರಲಿಲ್ಲ. ಯಂತ್ರ ಸುಳ್ಳು ಹೇಳಲಿಲ್ಲ; ಅದಕ್ಕೆ ಕೇಳಿದ ಪ್ರಶ್ನೆಯೇ ಬೇರೆಯಾಗಿತ್ತು.

ಕೂದಲೆಳೆಯಷ್ಟು ವ್ಯತ್ಯಾಸಕ್ಕೆ ಇಷ್ಟು ನಡುಕವೇ ಎಂದು ನನಗೂ ಅನುಮಾನ ಬಂತು. ವಿಜ್ಞಾನದ ಟೀಚರು ಚೀಟಿಯ ಮೇಲೆ ಲೆಕ್ಕ ಮಾಡಿ ತೋರಿಸಿದರು. ನಮ್ಮ ಚಕ್ರದ ಸುತ್ತಳತೆ ಸುಮಾರು 1.85 ಮೀಟರ್. ಗಂಟೆಗೆ 80 ಕಿಲೋಮೀಟರ್ ಎಂದರೆ ಸೆಕೆಂಡಿಗೆ 22 ಮೀಟರ್. ಚಕ್ರ ಸೆಕೆಂಡಿಗೆ ಹನ್ನೆರಡು ಸಲ ತಿರುಗುತ್ತದೆ. ಟಯರೂ ಸೇರಿ 14 ಕಿಲೋ ತೂಗುವ ಚಕ್ರ ಬರೀ ಅರ್ಧ ಮಿಲಿಮೀಟರ್ ಪಕ್ಕಕ್ಕೆ ಕೂತರೂ ರಿಮ್ಮಿನ ಅಂಚಿಗೆ 40 ಗ್ರಾಂ, ಅಂದರೆ ನಾಲ್ಕು ತೊಲ ತೂಕ ಅಂಟಿಸಿದಂತೆ. ಆ ನಾಲ್ಕು ತೊಲ 80ರ ವೇಗದಲ್ಲಿ ನಾಲ್ಕು ಕಿಲೋ ಭಾರದ ಜೋರಿನಲ್ಲಿ ಚಕ್ರವನ್ನು ಸೆಕೆಂಡಿಗೆ ಹನ್ನೆರಡು ಸಲ ಜಗ್ಗುತ್ತದೆ. ವೇಗ ಅರ್ಧಕ್ಕೆ ಇಳಿದರೆ ಈ ಜಗ್ಗಾಟ ಕಾಲು ಭಾಗಕ್ಕೆ ಇಳಿಯುತ್ತದೆ. ಸರ್ಕಲ್ಲು ಸುತ್ತಿದ ಹುಡುಗನಿಗೆ ಏನೂ ತಿಳಿಯದಿದ್ದುದು ಇದಕ್ಕೇ. ಇನ್ನೊಂದು ಕಾರಣವನ್ನು ನಾಗರಪಂಚಮಿಯ ಜೋಕಾಲಿ ಬಲ್ಲವರು ಬಲ್ಲರು. ಜೋಕಾಲಿಗೆ ಅದರದೇ ಒಂದು ಲಯ ಇದೆ. ಆ ಲಯಕ್ಕೆ ಸರಿಯಾಗಿ ನೂಕಿದರೆ ಸಣ್ಣ ನೂಕಿಗೂ ಮರದ ಕೊಂಬೆ ಮುಟ್ಟುತ್ತದೆ. ಕಾರಿನ ಮುಂಭಾಗಕ್ಕೂ ಹಾಗೊಂದು ಲಯವಿದೆ. ಚಕ್ರದ ಜಗ್ಗಾಟ ಅದಕ್ಕೆ ಹೊಂದಿದ ವೇಗದಲ್ಲಿ ನಡುಕ ಒಮ್ಮೆಗೇ ಏರುತ್ತದೆ.

ಭಾಯಿ ಹುಬ್ಬಳ್ಳಿಯಿಂದ ಅಳತೆಯ ಉಂಗುರ ತರಿಸಿದರು. ನಾಲ್ಕಕ್ಕೆ 800 ರೂಪಾಯಿ. ಹಬ್ಬಿನ ಮೇಲಿನ ತುಕ್ಕನ್ನು ತಂತಿಬ್ರಶ್ಶಿನಿಂದ ಉಜ್ಜಿ, ಉಂಗುರ ಕೂರಿಸಿ, ಚಕ್ರ ನೆಲ ಮುಟ್ಟುವ ಮೊದಲೇ ನಟ್ಟುಗಳನ್ನು ಕೈಯಿಂದ ಎದುರುಬದುರಾಗಿ ತಿರುಗಿಸಿ, ಆಮೇಲೆ ಇಳಿಸಿ ಪಾನಾದಿಂದ ಅದೇ ಕ್ರಮದಲ್ಲಿ ಬಿಗಿದರು. ನಡುಕ ಹೋಯಿತು. ಭಾಯಿ ಕೈ ಒರೆಸಿಕೊಳ್ಳುತ್ತ, “ಇದನ್ನ ನನಗೂ ಯಾರೂ ಹೇಳಿಕೊಟ್ಟಿರಲಿಲ್ರಿ ಅಕ್ಕೋರ” ಅಂದರು. ಇಡೀ ಪ್ರಕರಣದಲ್ಲಿ “ನನಗೆ ಗೊತ್ತಿರಲಿಲ್ಲ” ಎಂದ ಗಂಡಸು ಅವರೊಬ್ಬರೇ. ಅವರ ಮೇಲಿನ ನನ್ನ ಗೌರವ ಹೆಚ್ಚಾಯಿತು.

ಈಗ ನನ್ನ ಜಗಳಕ್ಕೆ ಬರುತ್ತೇನೆ. ಅಂಗಡಿಯ ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ದಿನಕ್ಕೆ ಹತ್ತು ಹದಿನೈದು ಗಾಡಿ ನೋಡಬೇಕಾದವನಿಗೆ ಹೆದ್ದಾರಿಗೆ ಹೋಗಿ ಬರಲು ಸಮಯ ಎಲ್ಲಿದೆ? ಉಂಗುರ ಇಲ್ಲದೆಯೂ, ನಟ್ಟು ಜೋಪಾನವಾಗಿ ಬಿಗಿದ ಎಷ್ಟೋ ಗಾಡಿಗಳು ನಡುಗದೆ ಓಡುತ್ತವೆ ಎಂದು ಯಾರಾದರೂ ಹೇಳಿದರೆ ಅದನ್ನೂ ಒಪ್ಪುತ್ತೇನೆ. ನನ್ನ ಜಗಳ ಒಂದು ಅಭ್ಯಾಸದ ಜೊತೆ. ಗಾಡಿಯನ್ನು ನೋಡುವ ಮೊದಲು ಓಡಿಸುವವಳನ್ನು ನೋಡಿ ರೋಗ ಹೇಳುವ ಅಭ್ಯಾಸದ ಜೊತೆ. ಇದೇ ನಡುಕವನ್ನು ನನ್ನ ಮಗ ಹೇಳಿದ್ದರೆ ಯಾರಾದರೂ “ನಿನ್ನ ಕೈ ನೋಡಿಕೋ” ಅನ್ನುತ್ತಿದ್ದರೇ? ಹೆಂಗಸು ಸೊಂಟ ನೋವು ಎಂದರೆ “ಮನಸ್ಸಿಗೆ ಹಚ್ಚಿಕೊಂಡೀಯಾ”, ಮಿಕ್ಸಿ ವಾಸನೆ ಬರುತ್ತದೆ ಎಂದರೆ “ನೀ ಜಾಸ್ತಿ ಹಾಕಿರ್ತೀ”, ಕಾರು ನಡುಗುತ್ತದೆ ಎಂದರೆ “ವಯಸ್ಸಾತು”. ದೂರು ಯಾವುದೇ ಇರಲಿ, ತಪಾಸಣೆ ನಮ್ಮಿಂದಲೇ ಶುರುವಾಗುತ್ತದೆ, ನಮ್ಮಲ್ಲೇ ಮುಗಿಯುತ್ತದೆ. ಆ ಮಾತು ನಂಬಿ ನಾವು ಒಂದೊಂದಾಗಿ ಕೈಬಿಡುತ್ತೇವೆ. ನಾನು ಕಾರು ಬಿಟ್ಟಿದ್ದೆ. ನೀವು ಏನು ಬಿಟ್ಟಿದ್ದೀರಿ, ಒಮ್ಮೆ ನೆನಪು ಮಾಡಿಕೊಳ್ಳಿ.

“ಇದೆಲ್ಲ ನಮಗ್ಯಾಕ್ರೀ, ಗಂಡಸರು ನೋಡ್ಕೋತಾರ” ಎನ್ನುವ ಗೆಳತಿಯರೂ ಇದ್ದಾರೆ. ಅವರಿಗೆ ಒಂದು ಹಳೆಯ ಸಂಗತಿ ಹೇಳುತ್ತೇನೆ. ಜರ್ಮನಿಯ ಕಾರ್ಲ್ ಬೆಂಜ್ ತನ್ನ ಮೋಟಾರು ಗಾಡಿಗೆ ಪೇಟೆಂಟ್ ಪಡೆದದ್ದು 1886ರಲ್ಲಿ. 1888ರ ಆಗಸ್ಟ್‌ನಲ್ಲಿ ಅವನ ಹೆಂಡತಿ ಬರ್ತಾ ಬೆಂಜ್ ಗಂಡನಿಗೆ ಹೇಳದೆ, ಇಬ್ಬರು ಗಂಡುಮಕ್ಕಳನ್ನು ಕರೆದುಕೊಂಡು, ಆ ಗಾಡಿಯಲ್ಲಿ ಮಾನ್‌ಹೈಮ್‌ನಿಂದ ಫೋರ್ಟ್ಸ್‌ಹೈಮ್‌ನ ತನ್ನ ತವರಿಗೆ ಹೊರಟಳು. ಸುಮಾರು ನೂರು ಕಿಲೋಮೀಟರ್ ದಾರಿ. ಇಂಧನದ ಕೊಳವೆ ಕಟ್ಟಿದಾಗ ಟೋಪಿಯ ಸೂಜಿಯಿಂದ ಚುಚ್ಚಿ ಬಿಡಿಸಿದಳು. ಬ್ರೇಕು ಸವೆದಾಗ ದಾರಿಯ ಮೇಲಿನ ಚಮ್ಮಾರನಿಂದ ಚರ್ಮ ಹೊಡೆಸಿದಳು. ಕಾರಿನ ಚರಿತ್ರೆಯ ಮೊದಲ ದೂರಪ್ರಯಾಣ ಒಬ್ಬ ಹೆಣ್ಣುಮಗಳು ತವರಿಗೆ ಹೋದ ಪ್ರಯಾಣ! ಅವಳಿಗೆ ತಿಳಿದದ್ದು ನಮಗೆ ತಿಳಿಯಲಾರದೇ?

ತಿಳಿಯಬೇಕಾದದ್ದು ಬಹಳವೂ ಇಲ್ಲ. ಗಾಡಿ ನಡುಗಿದರೆ ಮೂರು ಮಾತು ಗಮನಿಸಿ, ಚೀಟಿಯಲ್ಲಿ ಬರೆದಿಡಿ: ಯಾವ ವೇಗಕ್ಕೆ ಶುರುವಾಗುತ್ತದೆ, ಕೈಗೆ ತಿಳಿಯುತ್ತದೋ ಸೀಟಿಗೋ, ಬ್ರೇಕ್ ಒತ್ತಿದಾಗ ಮಾತ್ರವೋ ಯಾವಾಗಲೂವೋ. ಬ್ರೇಕ್ ಒತ್ತಿದಾಗ ಮಾತ್ರ ನಡುಗಿದರೆ ಮೊದಲು ಬ್ರೇಕಿನ ತಟ್ಟೆ ನೋಡಿಸಬೇಕು. ಗಾಡಿ ಒಂದೇ ಕಡೆ ಎಳೆದರೆ, ಟಯರು ಒಂದೇ ಅಂಚಿಗೆ ಸವೆದರೆ ಅಲೈನ್‌ಮೆಂಟು. ಒಂದು ನಿರ್ದಿಷ್ಟ ವೇಗಕ್ಕೆ ಬಂದು ಹೋಗುವ ನಡುಕವಾದರೆ ಚಕ್ರ, ಟಯರು, ಅದರ ತೂಕ, ಅದು ಕೂತ ರೀತಿ. ಹೊರಗಿನ ಚಕ್ರ ಹಾಕಿಸುವಾಗ ಬೋಲ್ಟುಗಳ ಅಂತರದ ಜೊತೆಗೆ ನಡುರಂಧ್ರದ ಅಳತೆಯನ್ನೂ ಕೇಳಿ. ನಟ್ಟಿನ ಮೂತಿ ಚಕ್ರದ ಗುಳಿಗೆ ಹೊಂದುತ್ತದೆಯೇ ಎಂದು ಕೇಳಿ. ಅದು ಹೊಂದದಿದ್ದರೆ ನಟ್ಟು ಸಡಿಲಾಗುತ್ತದೆ, ಅದು ಪ್ರಾಣದ ವಿಷಯ. ಐವತ್ತು ನೂರು ಕಿಲೋಮೀಟರ್ ಓಡಿಸಿದ ಮೇಲೆ ಇನ್ನೊಮ್ಮೆ ನಟ್ಟು ಬಿಗಿಸಿ. ಯಾರಾದರೂ ಹದಿನಾಲ್ಕು ಸಾವಿರದ ಲೆಕ್ಕ ಕೊಟ್ಟರೆ, “ಇದೇ ಕಾರಣ ಅಂತ ಹೆಂಗ ಗೊತ್ತಾತ್ರಿ?” ಎಂದು ಒಂದು ಮಾತು ಕೇಳಿ. ಉತ್ತರ ಬಂದರೆ ದುಡ್ಡು ಕೊಡಿ. “ಸರ್‌ನ್ನ ಕಳಸ್ರಿ” ಎಂದರೆ ಗಾಡಿ ತಿರುಗಿಸಿ.

ಆ ವರ್ಷದ ಪರೀಕ್ಷೆಗೂ ಅದೇ ಗಾದೆ ಕೊಟ್ಟೆ. ಆದರೆ ಕೊಡುವ ಮೊದಲು ತರಗತಿಯಲ್ಲಿ ಕೇಳಿದೆ: “ನೆಲ ಖರೇನ ಡೊಂಕಿದ್ದರ?” ಮಕ್ಕಳು ಮುಖ ಮುಖ ನೋಡಿಕೊಂಡರು. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಮೆಲ್ಲಗೆ, “ಅಳದು ನೋಡಬೇಕ್ರಿ ಅಕ್ಕೋರ” ಅಂದಳು.

ಈಗ ಪ್ರತಿ ಭಾನುವಾರ ಹಾವೇರಿಗೆ ಹೋಗುತ್ತೇನೆ. ಮೊನ್ನೆ ಪಕ್ಕದ ಸೀಟಿನಲ್ಲಿ ಮನೆಯವರೂ ಇದ್ದರು. ದಾರಿಯುದ್ದಕ್ಕೂ ಫೋನಿನಲ್ಲಿ ಯಾರಿಗೋ ವಿವರಿಸುತ್ತಿದ್ದರು: “ಏನಿಲ್ರೀ, ನಡುವಿನ ತೂತು ದೊಡ್ಡದಿತ್ತು. ಕಂಡುಹಿಡಿದು ರಿಂಗ್ ಹಾಕಿಸಿದ್ವಿ.” ನಾನು ಮಾತಾಡಲಿಲ್ಲ. ಎಂಬತ್ತರ ಮೇಲೆ ಮುಳ್ಳು ನಿಂತಿತ್ತು, ನನ್ನ ಎರಡೂ ಕೈ ಸ್ಟೀರಿಂಗಿನ ಮೇಲೆ ನಿಶ್ಚಿಂತೆಯಾಗಿ ಕೂತಿದ್ದವು.